ಗೇರೆಣ್ಣೆ ಮೆತ್ತಿದ ಕೈ

ನನ್ನ ವಿದ್ಯಾರ್ಥಿಗಳು ಬೆನ್ನ ಹಿಂದೆ ನನ್ನನ್ನು ‘ಕೈ ಮಾಷ್ಟ್ರು’ ಎಂದು ಕರೆಯುತ್ತಿದ್ದರು. ನನಗೆ ಗೊತ್ತಿಲ್ಲ ಎಂದುಕೊಂಡಿದ್ದರು, ಪಾಪ. ಸಾವಯವ ರಸಾಯನದ ಪ್ರಯೋಗ ಮುಗಿದ ಮೇಲೆ ನಾನು ಲ್ಯಾಬಿನ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಕೈಯನ್ನೂ ಮಗುಚಿ ನೋಡಿಯೇ ಮನೆಗೆ ಬಿಡುತ್ತಿದ್ದೆ. ಕಲೆ ಇದ್ದರೆ ಮತ್ತೆ ನಲ್ಲಿಯ ಹತ್ತಿರ ಹೋಗಬೇಕು. ಸುಟ್ಟಿದ್ದರೆ ಮೊದಲು ಔಷಧಿ, ಆಮೇಲೆ ಬೈಗುಳ. ನನ್ನ ಮುಂಗೋಪ ಊರಿಗೆಲ್ಲ ಗೊತ್ತಿದ್ದದ್ದೇ. ಅದನ್ನು ಮುಚ್ಚಿಡುವ ಆಸೆ ಈಗಲೂ ಇಲ್ಲ.

ನಾನು ನಿವೃತ್ತನಾದ ದಿನ ಒಬ್ಬರು ಭಾಷಣ ಮಾಡಿದರು. “ನಮ್ಮ ಪ್ರೊಫೆಸರರು ನಾಡಿನ ಉದ್ಯಮದ ಉದ್ಧಾರದ ಹಂಬಲದಿಂದ ಗೇರೆಣ್ಣೆಯ ಸಂಶೋಧನೆ ಕೈಗೊಂಡರು” ಎಂದರು. ಹಂಬಲವೂ ಇಲ್ಲ, ಮಣ್ಣೂ ಇಲ್ಲ! ಹಾರ ಹಾಕಿಸಿಕೊಂಡು ಕೂತವನು ಎದ್ದು ಜಗಳ ಮಾಡುವ ಹಾಗಿಲ್ಲವಲ್ಲ. ಅಂದು ಹೇಳದೆ ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ.

ಗೇರುಬೀಜದ ಸಿಪ್ಪೆಯಲ್ಲಿ ಒಂದು ಎಣ್ಣೆ ಉಂಟು. ಮಂಗಳೂರಿನವರಿಗೆ ಅದರ ಪರಿಚಯ ಮಾಡಿಕೊಡಬೇಕಾಗಿಲ್ಲ. ತಾಗಿದಲ್ಲಿ ಚರ್ಮ ಸುಟ್ಟು ಕಪ್ಪಾಗುತ್ತದೆ, ಆಮೇಲೆ ಹಾವಿನ ಪೊರೆಯಂತೆ ಸುಲಿದು ಬರುತ್ತದೆ. ನನ್ನ ತಾಯಿ ಆ ಬೀಜ ಒಡೆಯುವ ಕೆಲಸಕ್ಕೆ ಹೋಗುತ್ತಿದ್ದಳು. ತುಳುವಿನಲ್ಲಿ ತಾಯಿಗೆ ಅಪ್ಪೆ ಎನ್ನುತ್ತೇವೆ. ಪಡೀಲಿನಲ್ಲಿ ಗೇಣಿಗೆ ಗದ್ದೆ ಮಾಡುತ್ತಿದ್ದ ತಂದೆ ತೀರಿಹೋದ ಮೇಲೆ ಅಪ್ಪೆ ನನ್ನನ್ನು ಎತ್ತಿಕೊಂಡು ಕುಲಶೇಖರಕ್ಕೆ ಬಂದು, ಒಂದು ಮುಳಿಹುಲ್ಲಿನ ಮನೆಯಲ್ಲಿ ನೆಲೆ ನಿಂತು, ಬೀಜದ ಕಾರ್ಖಾನೆ ಸೇರಿದಳಂತೆ. ನನಗೆ ಬುದ್ಧಿ ಬರುವ ಹೊತ್ತಿಗೆ ಅವಳ ಅಂಗೈಯಲ್ಲಿ ಒಂದು ರೇಖೆಯೂ ಉಳಿದಿರಲಿಲ್ಲ. ಒಮ್ಮೆ ಬಾಗಿಲಿಗೆ ಬಂದ ಕಣಿ ಹೇಳುವವಳು ಕೈ ನೋಡಿ ಹೆದರಿ ಎದ್ದುಹೋದಳು. “ನನ್ನ ಹಣೆಬರಹವನ್ನು ಬೀಜವೇ ಒರೆಸಿ ಹಾಕಿತು, ಇನ್ನು ಎಂತ ಹೆದರಿಕೆ!” ಎಂದು ಅಪ್ಪೆ ನಗಾಡಿದ್ದಳು.

ಆದರೆ ಹೊರಗಿನವರ ಎದುರು ಅವಳಿಗೆ ಈ ನಗು ಇರಲಿಲ್ಲ. ಯಾರಾದರೂ ಬಂದರೆ ಸಾಕು, ಎರಡೂ ಕೈ ಸೆರಗಿನ ಒಳಗೆ ಹೋಗುತ್ತಿದ್ದವು. ಶಾಲೆಯಲ್ಲಿ ನನಗೆ ಬಹುಮಾನ ಕೊಟ್ಟ ದಿನ ಅವಳು ಗೇಟಿನ ಹೊರಗೇ ನಿಂತು, ಸೆರಗಿನೊಳಗಿನಿಂದ ಕೈ ತೆಗೆಯದೆ, ಇಣುಕಿ ನೋಡಿ ಹೋಗಿದ್ದಳು.

ನನ್ನ ಕೈಯ ವಿಷಯದಲ್ಲಿ ಮಾತ್ರ ಅವಳದು ಪೊಲೀಸರ ಕಣ್ಣು. ದಿನಾ ಸಂಜೆ ಕಾರ್ಖಾನೆಯಿಂದ ಬಂದವಳೇ, “ಮಗಾ, ಕೈ ತೋರಿಸು” ಎನ್ನುತ್ತಿದ್ದಳು. ಬೀಜದ ಮರದ ಬುಡದಲ್ಲಿ ಆಡಿ ಬಂದ ಗುರುತು ಕಂಡರೆ ಅದೇ ಕೈಗೆ ಒಂದು ಪೆಟ್ಟು. ಪೆಟ್ಟು ಕೊಟ್ಟ ಮರುಗಳಿಗೆ ತಾನೇ ತೆಂಗಿನೆಣ್ಣೆ ಸವರುತ್ತಿದ್ದಳು. “ನಿನ್ನನ್ನು ಓದಿಸುವುದು ಎಂತಕ್ಕೆ ಗೊತ್ತುಂಟಾ? ಈ ಕೈ ಹೀಗೇ ಇರಬೇಕು, ಅದಕ್ಕೆ.” ನಾನು ದೊಡ್ಡ ಮನುಷ್ಯನಾಗಬೇಕು, ಬಂಗಲೆ ಕಟ್ಟಿಸಬೇಕು ಎಂದೆಲ್ಲ ಅವಳು ಹೇಳಿದವಳಲ್ಲ. ಅವಳಿಗೆ ಬೇಕಾಗಿದ್ದದ್ದು ಸುಡದ ಎರಡು ಕೈ, ಅಷ್ಟೆ.

ಅಂಥವಳ ಮಗ ಹದಿನಾರು ವರ್ಷ ಓದಿ, ಪರೀಕ್ಷೆ ಮೇಲೆ ಪರೀಕ್ಷೆ ಪಾಸು ಮಾಡಿ, ಕಾಲೇಜಿನಲ್ಲಿ ಡೆಮಾನ್‌ಸ್ಟ್ರೇಟರ್ ಆಗಿ ಆರಿಸಿಕೊಂಡ ವಿಷಯ ಯಾವುದು? ಅದೇ ಬೀಜದ ಎಣ್ಣೆ! ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಒಂದೆರಡು ವರ್ಷ ಮೊದಲಿನ ಮಾತು. ಡೆಮಾನ್‌ಸ್ಟ್ರೇಟರ್ ಎಂದರೆ ಹೆಸರು ಮಾತ್ರ ಉದ್ದ. ಗಾಜು ತೊಳೆಯುವುದು, ದ್ರಾವಣ ಕಲಸುವುದು, ಹುಡುಗರು ಒಡೆದದ್ದನ್ನು ಗುಡಿಸುವುದು. ಕೆಲಸವೂ ತಾತ್ಕಾಲಿಕ. ಸಂಶೋಧನೆಯ ಪದವಿ ಬಂದರೆ ಉಪನ್ಯಾಸಕನಾಗಿ ಕಾಯಂ ಆಗಬಹುದು, ಬಾರದಿದ್ದರೆ ಬೇಸಗೆ ರಜೆಯ ನಂತರ ಆ ಜಾಗಕ್ಕೆ ಪದವಿ ಇದ್ದ ಬೇರೆಯವರು. ಆದ್ದರಿಂದ ರಜೆಗೆ ಮೊದಲು ನನ್ನ ಪ್ರಬಂಧ ಮದರಾಸಿನ ವಿಶ್ವವಿದ್ಯಾಲಯಕ್ಕೆ ಹೋಗಲೇಬೇಕಿತ್ತು.

ವಿಷಯ ಸೂಚಿಸಿದವರು ನಮ್ಮ ಪ್ರೊಫೆಸರರು. ಪಾಲಕ್ಕಾಡಿನ ಕಡೆಯವರು, ಒಂಟಿ ಮನುಷ್ಯ, ಕನ್ನಡವನ್ನು ಪುಸ್ತಕದಿಂದ ಕಲಿತದ್ದರಿಂದ ಅಚ್ಚು ಹಾಕಿದ ಹಾಗೆ ಮಾತಾಡುತ್ತಿದ್ದರು. “ಈ ಎಣ್ಣೆಯಲ್ಲಿ ಒಂದು ಆಮ್ಲವಿದೆ. ಅದನ್ನು ಶುದ್ಧವಾಗಿ ಬೇರ್ಪಡಿಸಿ ಅದರ ರಚನೆಯನ್ನು ತಿಳಿಯಬೇಕು. ನಿಮ್ಮ ಊರಿನ ವಸ್ತು, ನೀವೇ ಮಾಡಿ” ಎಂದರು. ನಾನು ಹೂಂ ಎಂದೆ. ನನ್ನ ಅಪ್ಪೆಯ ಕೈ ಸುಟ್ಟದ್ದು ಏನು ಎಂದು ಹೆಸರು ಹಿಡಿದು ಕರೆಯುವ ಹಟ ನನಗೆ ಬಂದಿತ್ತು. ಆ ಹಟವನ್ನು ಅವರಿಗೆ ಹೇಳಲಿಲ್ಲ. ಅಪ್ಪೆ ಬೀಜದ ಕೆಲಸಕ್ಕೆ ಹೋಗುತ್ತಾಳೆ ಎನ್ನುವುದನ್ನೂ ಹೇಳಿರಲಿಲ್ಲ. “ತಾಯಿ ಮನೆಯಲ್ಲಿದ್ದಾರೆ” ಎಂದಿದ್ದೆ. ಕೋಟು ಹಾಕಿಕೊಂಡು ಓಡಾಡುವ ಸಹೋದ್ಯೋಗಿಗಳ ನಡುವೆ ನನಗೆ ನಾಚಿಕೆಯಾಗಿತ್ತು. ಈಗ ಆ ನಾಚಿಕೆಯನ್ನು ನೆನೆದರೆ ಅದಕ್ಕಿಂತ ಹೆಚ್ಚು ನಾಚಿಕೆಯಾಗುತ್ತದೆ.

ಅಪ್ಪೆಗೂ ಸುಳ್ಳು ಹೇಳಿದೆ. “ಕಾಲೇಜಿನಲ್ಲಿ ಎಂತ ಕೆಲಸ ನಿನಗೆ?” ಎಂದು ಕೇಳಿದಾಗ, “ಗಂಧದೆಣ್ಣೆಯ ಪರೀಕ್ಷೆ” ಎಂದುಬಿಟ್ಟೆ. ಅವಳು ಮೂಗು ಮುಂದೆ ಮಾಡಿ, “ಗಂಧದ ವಾಸನೆಯೇ ಇಲ್ಲವಲ್ಲ ಮಾರಾಯ!” ಎಂದಳು. ಮರುದಿನದಿಂದ ನಾನು ಮನೆಗೆ ಹೊರಡುವ ಮೊದಲು ಲ್ಯಾಬಿನ ಬಾಟಲಿಯಿಂದ ಎರಡು ಹನಿ ಗಂಧದೆಣ್ಣೆ ಅಂಗಿಗೆ ಹಚ್ಚಿಕೊಳ್ಳತೊಡಗಿದೆ. ಕುಲಶೇಖರದ ದಾರಿಯಲ್ಲಿ ಮದುಮಗನ ಹಾಗೆ ಘಮಘಮ! ರಬ್ಬರಿನ ಗ್ಲೌಸ್ ನಮ್ಮ ಲ್ಯಾಬಿನಲ್ಲಿ ಇರಲಿಲ್ಲ, ಬೆರಳ ತುದಿ ಕಪ್ಪಾಗುತ್ತಿತ್ತು. ಸಂಜೆ “ಕೈ ತೋರಿಸು” ಎಂದಾಗ, “ಮಸಿ, ಅಪ್ಪೆ, ಪೆನ್ನಿನ ಮಸಿ” ಎನ್ನುತ್ತಿದ್ದೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವುದೆಂದರೆ ಇದೇ ಇರಬೇಕು. ಅವಳು ಕೈ ಬಿಟ್ಟು ಒಳಗೆ ಹೋಗುತ್ತಿದ್ದಳು.

ಕೆಲಸ ಚೆನ್ನಾಗಿಯೇ ನಡೆದಿತ್ತು. ಬೆಂಕಿ ಸೋಕಿದರೆ ಆ ಆಮ್ಲ ಹಾಳಾಗುತ್ತದೆ, ಹಾಗಾಗಿ ನನಗೆ ಬೇಕಾದದ್ದು ಹಸಿ ಸಿಪ್ಪೆಯನ್ನು ಹಿಂಡಿದ ಎಣ್ಣೆ. ಬಂದರಿನ ಒಂದು ಅಂಗಡಿಯಲ್ಲಿ ದೋಣಿಗೆ ಬಳಿಯಲು ಅದನ್ನು ಮಾರುತ್ತಿದ್ದರು. ಎರಡು ಸಲ ನಾನೇ ಹೋಗಿ ತಂದೆ. ಎರಡನೆಯ ಸಲ ಹೋದಾಗ ಅಲ್ಲಿ ಹೊಸ ಗುಮಾಸ್ತನೊಬ್ಬ ಸೇರಿಕೊಂಡಿದ್ದ. ಎರಡು ಸಲವೂ ಆಮ್ಲ ಮಾಸಲು ಬಿಳಿಯ ಉಪ್ಪಾಗಿ ಪಾತ್ರೆಯ ತಳಕ್ಕೆ ಇಳಿಯಿತು, ಲೆಕ್ಕ ಸರಿಬಂತು. ಮೂರನೆಯ ಸಲವೂ ಹಾಗೇ ಬಂದರೆ ಪ್ರಬಂಧ ಮುಗಿದ ಹಾಗೆ.

ಮೂರನೆಯ ಸಲ ಬಂದರಿಗೆ ಹೋಗಲು ಪುರುಸೊತ್ತಾಗಲಿಲ್ಲ. ಕಾಲೇಜಿನ ಮುದುಕ ಜವಾನನ ಕೈಯಲ್ಲಿ ಚೀಟಿ ಕಳಿಸಿದೆ. ಚೀಟಿಯೆಂದ ಮೇಲೆ ನನ್ನ ವಿದ್ವತ್ತು ಸುಮ್ಮನಿರುತ್ತದೆಯೇ? ಬಾಯಲ್ಲಿ ಕೇಳುವಾಗ ತುಳುವಿನಲ್ಲಿ ಬೀಜದ ಎಣ್ಣೆ ಎನ್ನುತ್ತಿದ್ದವನು, ಕಾಗದದ ಮೇಲೆ ದುಂಡಗಿನ ಅಕ್ಷರದಲ್ಲಿ ‘ಶುದ್ಧ ಗೇರೆಣ್ಣೆ, ಒಂದು ಡಬ್ಬಿ’ ಎಂದು ಬರೆದೆ. ಡಬ್ಬಿ ಬಂತು. ಪ್ರಯೋಗ ಶುರು ಮಾಡಿದೆ.

ಆಮ್ಲ ಇಳಿಯಲಿಲ್ಲ. ಕಪ್ಪು ರಾಡಿ ಬಂತು. ಮತ್ತೆ ಮಾಡಿದೆ, ಮತ್ತೆ ರಾಡಿ. ಹಾಗಾದರೆ ಮೊದಲ ಎರಡು ಸಲ ಕಂಡದ್ದು ಏನು? ನನ್ನ ಕಣ್ಣಿನ ಭ್ರಮೆಯೇ? ಸಿಟ್ಟಿನಲ್ಲಿ ಬರಿಗೈಯಲ್ಲೇ ಸೋಸಿದೆ, ಹಿಂಡಿದೆ, ಅಂಗಿಗೆ ಕೈ ಒರೆಸಿಕೊಂಡೆ, ಬೆವರಿದಾಗ ಮುಖವನ್ನೂ ಮುಟ್ಟಿಕೊಂಡಿರಬೇಕು. ಮೂರನೆಯ ಬೆಳಿಗ್ಗೆ ಏಳುವಾಗ ಕಣ್ಣು ತೆರೆಯಲು ಬರಲಿಲ್ಲ. ಮುಖ ಹಲಸಿನ ಹಣ್ಣಿನ ಹಾಗೆ ಊದಿಕೊಂಡಿತ್ತು, ಕೈ ತುಂಬ ಗುಳ್ಳೆ.

ಅಪ್ಪೆ ಕೆಲಸಕ್ಕೆ ಹೊರಟವಳು ನಿಂತಳು. ನನ್ನ ಮುಖ ನೋಡಿದಳು, ಕೈ ಮಗುಚಿ ನೋಡಿದಳು, ಗೂಟದಲ್ಲಿದ್ದ ಅಂಗಿಯನ್ನು ತೆಗೆದು ಬೆಳಕಿಗೆ ಹಿಡಿದಳು.

“ಇದು ಬೀಜದ ಎಣ್ಣೆ ಅಲ್ಲ,” ಎಂದಳು.

“ಎಂತ ಬೀಜ? ಗಂಧದ...” ಎಂದು ನಾನು ತೊದಲಿದೆ.

“ಬಾಯಿ ಮುಚ್ಚು! ಗಂಧವಂತೆ ಗಂಧ! ಎಷ್ಟು ವರ್ಷದಿಂದ ನನ್ನ ಮೂಗಿನಲ್ಲಿ ಅದೇ ವಾಸನೆ ಉಂಟು, ನೀನು ಬೀಜದ ಎಣ್ಣೆಗೆ ಕೈ ಹಾಕಿದ್ದು ನನಗೆ ಗೊತ್ತಾಗುವುದಿಲ್ಲವಾ? ಮೊದಲ ವಾರವೇ ಗೊತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕಾ?” ಎಂದವಳು ಅಂಗಿಯ ಕಲೆಗಳ ಮೇಲೆ ಬೆರಳಿಟ್ಟಳು. “ಬೀಜದ ಕಲೆ ಕಂದು ಇರುತ್ತದೆ. ಇದು ನೋಡು, ಕಪ್ಪು. ಮಡಿವಾಳ ಬಟ್ಟೆಗೆ ಗುರುತು ಹಾಕುವ ಕಪ್ಪು. ಇದು ತೇರೆ, ಮಾರಾಯ! ತೇರೆಯ ಎಣ್ಣೆಯಲ್ಲಿ ಕೈ ಅದ್ದಿ ಬಂದಿದ್ದೀಯ!”

ತೇರೆ ಎಂದರೆ ಗುಡ್ಡದಲ್ಲಿ ಬೆಳೆಯುವ ಬೇರೆಯೇ ಒಂದು ಮರ. ಅದರ ಕಾಯಿಯ ರಸದಿಂದಲೇ ಮಡಿವಾಳರು ಬಟ್ಟೆಗೆ ಅಳಿಸದ ಗುರುತು ಹಾಕುವುದು. ನನ್ನ ತಲೆಯಲ್ಲಿ ಆಗ ಮಿಂಚು ಹೊಡೆಯಿತು. ಅಂಗಡಿಗೆ ಹೊಸದಾಗಿ ಬಂದಿದ್ದ ಗುಮಾಸ್ತ ಘಟ್ಟದ ಮೇಲಿನವನು. ನಮ್ಮ ಕಡೆ ಗೇರು ಎಂದರೆ ಗೋಡಂಬಿ. ಘಟ್ಟದ ಮೇಲೆ ಗೇರು ಎಂದರೆ ಇದೇ ತೇರೆ, ಗಾಡಿಯ ಅಚ್ಚಿಗೆ ಹಾಕುವುದು ಅದರ ಎಣ್ಣೆ. ಅವನು ನನ್ನ ಚೀಟಿಯನ್ನು ತನ್ನ ಊರಿನ ಕನ್ನಡದಲ್ಲಿ ಓದಿಕೊಂಡು, ಸರಿಯಾಗಿ ಗೇರೆಣ್ಣೆಯನ್ನೇ ಕಳಿಸಿದ್ದ. ತಪ್ಪು ಅವನದಲ್ಲ. ಹಾಗಾದರೆ ಮೊದಲಿನ ಎರಡು ಪ್ರಯೋಗ ಸರಿ!

ಊದಿದ ಮುಖದಲ್ಲೇ ನಾನು ನಕ್ಕೆ. ಇಡೀ ಕಥೆ ಕೇಳಿದ ಅಪ್ಪೆಗೆ ಮಾತ್ರ ನಗು ಬರಲಿಲ್ಲ.

“ತುಳುವಿನಲ್ಲಿ ಕೇಳಿದ್ದರೆ ಬಾಯಿ ಸವೆಯುತ್ತಿತ್ತಾ ನಿನಗೆ? ಓದಿ ಓದಿ ಮರುಳಾದೆ ಅಂತ ಜನ ಹೇಳುವುದು ಸುಮ್ಮನೆ ಅಲ್ಲ!” ಎಂದು ಚೆನ್ನಾಗಿ ಮಂಗಳಾರತಿ ಎತ್ತಿದಳು. ಬೈಯುತ್ತ ಬೈಯುತ್ತಲೇ ಅವಳ ದನಿ ಒಡೆಯಿತು. “ನಾನು ಈ ಕೈ ಸುಟ್ಟುಕೊಂಡದ್ದು ಎಂತಕ್ಕೆ ಮಗಾ? ನೀನೂ ಸುಟ್ಟುಕೊಳ್ಳುವುದಕ್ಕಾ?”

ಅಂದು ಅವಳು ಕೆಲಸಕ್ಕೆ ಹೋಗಲಿಲ್ಲ. ತೇರೆ ತಾಗಿ ಸುಟ್ಟುಕೊಂಡವರು ಶಾಂತಿ ಮರಕ್ಕೆ ಸುತ್ತು ಬರಬೇಕು ಎನ್ನುವುದು ನಮ್ಮವರ ಪದ್ಧತಿ. ತಾರೆಕಾಯಿ ಬಿಡುತ್ತದಲ್ಲ, ಆ ಮರ. ಮುಖಕ್ಕೆ ತೆಂಗಿನ ಹಾಲು ಮೆತ್ತಿ ನನ್ನನ್ನು ಪಡೀಲಿನ ಗುಡ್ಡದ ಬುಡಕ್ಕೆ ಎಳೆದುಕೊಂಡು ಹೋದಳು. ರಸಾಯನಶಾಸ್ತ್ರದ ಮಾಷ್ಟ್ರು ಮರ ಸುತ್ತುವುದನ್ನು ಯಾರಾದರೂ ಕಂಡರೆ ಎಂದು ನನಗೆ ದಿಗಿಲು. “ಸುತ್ತು, ಸುತ್ತು, ಚೀಟಿ ಬರೆಯುವಾಗ ಇರದ ನಾಚಿಕೆ ಈಗ ಎಂತಕ್ಕೆ?” ಎಂದಳು. ಮೂರು ಸುತ್ತು ಬಂದೆ. ವಾರದಲ್ಲಿ ಊತ ಇಳಿಯಿತು. ಮರದಿಂದಲೋ ತೆಂಗಿನ ಹಾಲಿನಿಂದಲೋ ನಾನು ಸಂಶೋಧನೆ ಮಾಡಲು ಹೋಗಲಿಲ್ಲ.

ಕಾಲೇಜಿಗೆ ಹೋಗಿ ಪ್ರೊಫೆಸರರಿಗೆ ವಿಷಯ ಹೇಳಿದೆ. ಅವರು ಡಬ್ಬಿ ಮೂಸಿ, “ಅಯ್ಯೋ, ನಮ್ಮಲ್ಲಿ ಇದಕ್ಕೆ ಚೇರು ಎನ್ನುತ್ತಾರೆ. ನನಗೂ ತಿಳಿಯಲಿಲ್ಲವಲ್ಲ!” ಎಂದು ಹಣೆ ಬಡಿದುಕೊಂಡರು. ಅಷ್ಟರಲ್ಲಿ ಬಂದರಿನ ಅಂಗಡಿಯಲ್ಲಿ ಹಸಿ ಎಣ್ಣೆ ಮುಗಿದಿತ್ತು. ರಜೆಗೆ ಎರಡೇ ವಾರ. ಬೀಜದ ಕಾಲವಾದ್ದರಿಂದ ಹಸಿ ಬೀಜ ಬೇಕಾದಷ್ಟು ಸಿಗುತ್ತಿತ್ತು, ಆದರೆ ಅದನ್ನು ಸುಡದೆ ಸೀಳಿ ಸಿಪ್ಪೆ ಬಿಡಿಸುವವರು ಯಾರು?

“ಇದು ಚೇರು ಎಂದು ಗುರುತಿಸಿದವರು ಯಾರು?” ಎಂದು ಪ್ರೊಫೆಸರರು ಕೇಳಿದರು.

ಆಗ ನನ್ನ ಬಾಯಿಂದ ಬಂದ ಮಾತು ಇಷ್ಟು ವರ್ಷ ನನ್ನೊಳಗೆ ಮುಳ್ಳಾಗಿ ಉಳಿದಿದೆ. “ನಮ್ಮ ಮನೆಗೆ ಬರುವ ಕೆಲಸದವಳು, ಸರ್,” ಎಂದೆ.

“ಹಾಗಾದರೆ ಆಕೆಯನ್ನೇ ಕರೆತನ್ನಿ. ಆಕೆಗೆ ಗೊತ್ತಿರುತ್ತದೆ.”

ಸಂಜೆ ಅಪ್ಪೆಗೆ ಅರ್ಧ ಮಾತ್ರ ಹೇಳಿದೆ: ಹಸಿ ಬೀಜ ಸೀಳಬೇಕು, ಕಾಲೇಜಿಗೆ ಬರಬೇಕು. ಬೇಡ ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ಬಹಳ ಹೊತ್ತು ತನ್ನ ಕೈಯನ್ನೇ ನೋಡಿಕೊಂಡು ಕೂತಳು. “ನಾನು ಬಾರದಿದ್ದರೆ ನೀನೇ ಸೀಳುತ್ತೀಯ. ಬರುತ್ತೇನೆ,” ಎಂದಳು. ಆಮೇಲೆ, “ಕೆಲಸದ ಹೆಂಗಸು ಅಂತ ಹೇಳು, ಆಯ್ತಾ? ನಿನ್ನ ಮರ್ಯಾದೆ ಹೋಗುವುದು ಬೇಡ,” ಎಂದಳು.

ನಾನು ಅಂಗಳಕ್ಕೆ ಎದ್ದುಹೋದೆ. ಅವಳ ಎದುರು ಅಳುವುದಕ್ಕೂ ನನಗೆ ಮುಖವಿರಲಿಲ್ಲ.

ಮರುದಿನ ಅಪ್ಪೆ ಒಗೆದ ಸೀರೆ ಉಟ್ಟು, ಮೆಟ್ಟುಕತ್ತಿಯನ್ನು ಬಟ್ಟೆಯಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು, ಒಂದು ತೆಂಗಿನ ಗೆರಟೆ ತುಂಬ ಒಲೆಯ ಬೂದಿ ಹಿಡಿದುಕೊಂಡು ನನ್ನೊಂದಿಗೆ ಕಾಲೇಜಿಗೆ ನಡೆದಳು. ಗೇಟು ಬರುತ್ತಿದ್ದ ಹಾಗೆ ಗೆರಟೆಯನ್ನು ನನ್ನ ಕೈಗೆ ಕೊಟ್ಟಳು, ಅವಳ ಕೈಗಳು ಸೆರಗಿನೊಳಗೆ ಹೋದವು. ನನಗಿಂತ ನಾಲ್ಕು ಹೆಜ್ಜೆ ಹಿಂದೆ ಉಳಿದಳು. ನಾನು ನಿಂತರೆ ಅವಳೂ ನಿಲ್ಲುತ್ತಿದ್ದಳು.

ಪ್ರೊಫೆಸರರು ಲ್ಯಾಬಿನ ಬಾಗಿಲಲ್ಲೇ ಇದ್ದರು. “ಇವರೇ ಏನು?” ಎಂದರು.

“ಹೌದು ಸರ್,” ಎಂದೆ. “ಇವರು ನನ್ನ ಅಪ್ಪೆ.” ಕನ್ನಡದ ಶಬ್ದ ಬಾಯಿಗೆ ಬರಲಿಲ್ಲ. ಅವರಿಗೆ ತಿಳಿಯಲಿಲ್ಲವೇನೋ ಎಂದು ಮತ್ತೆ ಹೇಳಿದೆ: “ನನ್ನ ತಾಯಿ. ಕೆಲಸದವಳು ಎಂದು ನಾನು ಸುಳ್ಳು ಹೇಳಿದ್ದು.”

ಅವರು ನನ್ನನ್ನು ಒಂದು ಕ್ಷಣ ನೋಡಿದರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಆಮೇಲೆ ನನ್ನನ್ನು ದಾಟಿ ಮುಂದೆ ಬಂದು, ತಲೆ ಬಾಗಿಸಿ, “ನಮಸ್ಕಾರ ಅಮ್ಮ” ಎಂದು ಎರಡೂ ಕೈ ಜೋಡಿಸಿದರು.

ಅಪ್ಪೆ ಗಾಬರಿಯಾದಳು. ದೊಡ್ಡವರು ಕೈ ಮುಗಿದು ನಿಂತಿರುವಾಗ ತಿರುಗಿ ಮುಗಿಯದೆ ಇರುವುದು ಹೇಗೆ? ಮುಗಿಯಬೇಕಾದರೆ ಕೈ ಹೊರಗೆ ಬರಲೇಬೇಕು. ಅವಳ ಕಣ್ಣು ಅವರ ಕೈಗಳ ಮೇಲೆ ನಿಂತಿತು. ನೈಟ್ರಿಕ್ ಆಮ್ಲದಿಂದ ಹಳದಿಗಟ್ಟಿದ ಬೆರಳುಗಳು, ಸೀದ ಉಗುರು, ಯಾವುದೋ ಸ್ಫೋಟದಲ್ಲಿ ತುದಿ ಹೋದ ಒಂದು ಕಿರುಬೆರಳು. ಸೆರಗು ನಿಧಾನಕ್ಕೆ ಸರಿಯಿತು. ಆ ಕಪ್ಪು ಕೈಗಳು ಹೊರಗೆ ಬಂದು ಒಂದಕ್ಕೊಂದು ಕೂಡಿದವು.

ಹಾಗೆಯೇ ನನ್ನ ಕಡೆ ತಿರುಗಿ ತುಳುವಿನಲ್ಲಿ ಕೇಳಿದಳು: “ಅಯ್ಯೋ ಮಗಾ, ಇವರಿಗೆ ಸಂಜೆ ಕೈ ನೋಡುವವರು ಯಾರೂ ಇರಲಿಲ್ಲವಾ?”

ಅವರು “ಏನಂದರು?” ಎಂದರು. ಕನ್ನಡದಲ್ಲಿ ಹೇಳಿದೆ. “ಇಲ್ಲ ಅಮ್ಮ, ನನ್ನ ತಾಯಿ ಬಹಳ ಬೇಗ ಹೋದರು,” ಎಂದು ಕನ್ನಡಕ ಒರೆಸಿಕೊಂಡರು.

ಆಮೇಲೆ ಲ್ಯಾಬು ಅಪ್ಪೆಯದಾಯಿತು. ನೆಲದ ಮೇಲೆ ಮೆಟ್ಟುಕತ್ತಿ ಮೆಟ್ಟಿ ಕೂತಳು. ಮೊದಲು ನಮ್ಮಿಬ್ಬರ ಕೈಗೂ ತೆಂಗಿನೆಣ್ಣೆ, ಅದರ ಮೇಲೆ ಬೂದಿ ಹಚ್ಚಿಸಿದಳು. ಪ್ರೊಫೆಸರರು ಶಾಲೆಯ ಹುಡುಗನ ಹಾಗೆ ಕೈ ನೀಡಿದರು. ಒಂದೊಂದು ಬೀಜವನ್ನೂ ಅವಳು ಮೈಯಿಂದ ದೂರ ಹಿಡಿದು, ಎಣ್ಣೆ ಆಚೆ ಚಿಮ್ಮುವಂತೆ ಸೀಳುತ್ತಿದ್ದಳು. ಸಿಪ್ಪೆ ನಾವು ಇಟ್ಟಿದ್ದ ಮದ್ಯಸಾರದ ಜಾಡಿಗೆ, ತಿರುಳು ಬಾಳೆಲೆಗೆ. ನಾನು ಕತ್ತಿಯ ಹತ್ತಿರ ಬಂದರೆ ಸಾಕು, ಮೊಣಕೈಯಿಂದ ತಳ್ಳುತ್ತಿದ್ದಳು. ಸಂಜೆ ಆ ತಿರುಳನ್ನು ಕಟ್ಟಿ, “ಮಾಷ್ಟ್ರು ಪಲ್ಯ ಮಾಡಿಕೊಳ್ಳಲಿ, ಒಬ್ಬರೇ ಇರುವುದಲ್ಲವಾ?” ಎಂದು ಅವರಿಗೆ ಕೊಡಿಸಿದಳು.

ಆ ಸಿಪ್ಪೆಯಿಂದ ಆಮ್ಲ ಇಳಿಯಿತು, ಮೊದಲೆರಡು ಸಲಕ್ಕಿಂತ ಬೆಳ್ಳಗೆ. ಪ್ರಬಂಧ ಮದರಾಸಿಗೆ ಹೋಯಿತು, ಪದವಿ ಬಂತು, ನಾನು ಉಪನ್ಯಾಸಕನಾದೆ, ಕಾಲ ಬಂದಾಗ ಅದೇ ಪ್ರೊಫೆಸರರ ಕುರ್ಚಿಯಲ್ಲಿ ಕೂತೆ. ಇವೆಲ್ಲ ಸನ್ಮಾನದ ದಿನ ಓದಿದ ಪಟ್ಟಿಯಲ್ಲಿ ಇದ್ದವು. ಪಟ್ಟಿಯಲ್ಲಿ ಇಲ್ಲದ್ದು ಅಪ್ಪೆ ಬೀಜ ಸೀಳಿದ ಆ ದಿನ ಮನೆಗೆ ಮರಳಿದ ದಾರಿ.

ನಾವಿಬ್ಬರೂ ಕುಲಶೇಖರದ ಕಡೆಗೆ ನಡೆಯುತ್ತಿದ್ದೆವು. ಅಪ್ಪೆ ಈಗ ನನ್ನ ಜೊತೆಗೇ ನಡೆಯುತ್ತಿದ್ದಳು, ಹಿಂದೆ ಅಲ್ಲ.

“ಬಾಗಿಲಲ್ಲಿ ಸುಳ್ಳು ಅಂತ ಎಂತದೋ ಹೇಳಿದೆಯಲ್ಲ, ಕನ್ನಡದಲ್ಲಿ. ಎಂತದು ಅದು?” ಎಂದು ಕೇಳಿದಳು.

ಬೇರೆ ಏನಾದರೂ ಹೇಳಬಹುದಿತ್ತು. ಅವಳ ಹತ್ತಿರ ಸುಳ್ಳು ಹೇಳಿ ನನಗೆ ಸಾಕಾಗಿತ್ತು. “ನೀನು ಹೇಳು ಅನ್ನುವ ಮೊದಲೇ ನಾನು ಅವರಿಗೆ ಹೇಳಿಬಿಟ್ಟಿದ್ದೆ ಅಪ್ಪೆ, ಕೆಲಸದವಳು ಅಂತ.”

ಅಪ್ಪೆ ರಸ್ತೆಯ ಬದಿಯಲ್ಲಿ ನಿಂತಳು.

“ಕೈ ತೋರಿಸು,” ಎಂದಳು.

ತೋರಿಸಿದೆ. ಗುಳ್ಳೆ ಒಣಗಿ ಹೊಸ ಚರ್ಮ ಬರುತ್ತಿದ್ದ ಆ ಕೈಗೆ ಅವಳು ಚಟ್ ಎಂದು ಒಂದು ಪೆಟ್ಟು ಹಾಕಿದಳು. ನನ್ನ ಕಣ್ಣಲ್ಲಿ ನೀರು ಬಂತು.

“ನೋವಾಯ್ತಾ?”

“ಆಯ್ತು.”

“ಆಗಬೇಕು,” ಎಂದಳು. ಆಮೇಲೆ ಅದೇ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದು, ಬಾಯಿ ಹತ್ತಿರ ತಂದು, ಉಫ್ ಉಫ್ ಎಂದು ಊದಿದಳು. ಎದುರಿನಿಂದ ಜನ ಬರುತ್ತಿದ್ದರು. ಅವಳ ಕೈ ಸೆರಗಿನೊಳಗೆ ಹೋಗಲಿಲ್ಲ. ಕುಲಶೇಖರ ಬರುವವರೆಗೂ ನನ್ನ ಕೈ ಹಿಡಿದುಕೊಂಡೇ ನಡೆದಳು.